ತಂಡದ ಎಲ್ಲ ಯಂತ್ರಗಳಲ್ಲೂ ಒಂದೇ ಗಿಟ್ ಹುಕ್: ಹಂಚುವ ಮತ್ತು ನವೀಕರಿಸುವ ಕ್ರಮ

ಮಲ್ಪೆ ಬಂದರಿನ ಮೀನು ಹರಾಜಿನ ಲೆಕ್ಕ ಇಡುವ ತಂತ್ರಾಂಶವೊಂದನ್ನು ನಮ್ಮ ಏಳು ಜನರ ತಂಡ ನೋಡಿಕೊಳ್ಳುತ್ತದೆ. ನಾಲ್ವರು ಮಂಗಳೂರಿನ ಕೊಟ್ಟಾರದ ಕಚೇರಿಯಲ್ಲಿದ್ದಾರೆ, ಇಬ್ಬರು ಮಣಿಪಾಲದಲ್ಲಿದ್ದಾರೆ, ಒಬ್ಬರು ಬಂಟ್ವಾಳದ ಮನೆಯಿಂದಲೇ ಕೆಲಸ ಮಾಡುತ್ತಾರೆ. ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲದ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳೇ ನಮಗೆ ದೊಡ್ಡ ಬದಲಾವಣೆಗಳನ್ನು ಮಾಡಿ ಮುಗಿಸುವ ಕಾಲ. ಅಂಥ ಒಂದು ಮಳೆಗಾಲದಲ್ಲಿ ಡೇಟಾಬೇಸ್‌ನ ಪಾಸ್‌ವರ್ಡ್ ಇದ್ದ ಫೈಲೊಂದು, ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಲ್ಲಿ ಕಮಿಟ್ (ದಾಖಲು) ಆಗಿ ಸರ್ವರ್ ಸೇರಿತು. ಅದನ್ನು ತಡೆಯುವುದಕ್ಕೆಂದೇ ನಾನು ಪ್ರೀ-ಕಮಿಟ್ ಹುಕ್ (ಕಮಿಟ್ ಆಗುವ ಮುನ್ನ ಗಿಟ್ ತಾನಾಗಿ ಓಡಿಸುವ ಪುಟ್ಟ ಪ್ರೋಗ್ರಾಂ) ಬರೆದು ತಂಡದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚಿದ್ದೆ, ಆಮೇಲೆ ಎರಡು ಬಾರಿ ತಿದ್ದಿ ಮತ್ತೆ ಹಂಚಿದ್ದೆ. ಅಂದು ಒಂದೊಂದೇ ಯಂತ್ರವನ್ನು ನೋಡುತ್ತಾ ಹೋದಾಗ ಏಳರಲ್ಲಿ ಮೂರು ಬೇರೆಬೇರೆ ಪ್ರತಿಗಳು ಸಿಕ್ಕವು, ಒಂದರಲ್ಲಿ ಹುಕ್ ಇರಲೇ ಇಲ್ಲ. ಪಾಸ್‌ವರ್ಡ್ ಹೊರಟಿದ್ದ ಯಂತ್ರದಲ್ಲಿ ಎರಡನೆಯ ಪ್ರತಿ ಇತ್ತು, ಆ ದೋಷವನ್ನು ನಾನು ಸರಿಪಡಿಸಿದ್ದು ಮೂರನೆಯದರಲ್ಲಿ.

ಆ ದಿನದಿಂದ ನಾವು ಹುಕ್‌ಗಳನ್ನು ಉಳಿದ ಕೋಡಿನಂತೆಯೇ ರೆಪೊದೊಳಗೆ (ಗಿಟ್ ನೋಡಿಕೊಳ್ಳುವ ಯೋಜನೆಯ ಫೋಲ್ಡರಿನೊಳಗೆ) ಇಟ್ಟು, ಉಳಿದ ಕೋಡಿನಂತೆಯೇ ವಿಮರ್ಶೆ ಮಾಡಿ, ‘ಪುಲ್’ ಮಾಡಿದಾಗ (ಸರ್ವರ್‌ನಿಂದ ಹೊಸ ಬದಲಾವಣೆಗಳನ್ನು ಇಳಿಸಿಕೊಂಡಾಗ) ತಾನಾಗಿ ಎಲ್ಲರಿಗೂ ತಲುಪುವಂತೆ ಮಾಡಿಕೊಂಡಿದ್ದೇವೆ. ಅದರ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಆಜ್ಞೆಗಳನ್ನೂ ಫೈಲ್ ಹೆಸರುಗಳನ್ನೂ ಓದುವ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಕ್ಲೋನ್ ಮಾಡಿದರೆ ಹುಕ್ ಏಕೆ ಬರುವುದಿಲ್ಲ

ಗಿಟ್ ತನ್ನ ಹುಕ್‌ಗಳನ್ನು ಹುಡುಕುವುದು ‘.ಗಿಟ್/ಹುಕ್ಸ್’ ಫೋಲ್ಡರಿನಲ್ಲಿ. ರೆಪೊ ಆರಂಭಿಸಿದಾಗ ಅಲ್ಲಿ ‘.ಸ್ಯಾಂಪಲ್’ ಎಂದು ಕೊನೆಗೊಳ್ಳುವ ಮಾದರಿ ಫೈಲುಗಳು ಬಂದು ಕೂರುತ್ತವೆ, ಆ ಬಾಲವನ್ನು ತೆಗೆಯುವವರೆಗೆ ಅವು ಓಡುವುದಿಲ್ಲ. ‘.ಗಿಟ್’ ಒಳಗಿನ ಯಾವುದನ್ನೂ ಗಿಟ್ ತಾನೇ ಟ್ರ್ಯಾಕ್ ಮಾಡುವುದಿಲ್ಲವಾದ್ದರಿಂದ ಅಲ್ಲಿಟ್ಟ ಹುಕ್ ಕಮಿಟ್ ಆಗುವುದಿಲ್ಲ, ಪುಶ್ ಆಗುವುದಿಲ್ಲ (ಸರ್ವರಿಗೆ ಹೋಗುವುದಿಲ್ಲ), ಕ್ಲೋನ್ ಮಾಡಿದವರಿಗೂ (ರೆಪೊದ ಪೂರ್ತಿ ಪ್ರತಿಯನ್ನು ಇಳಿಸಿಕೊಂಡವರಿಗೂ) ಸಿಗುವುದಿಲ್ಲ.

ಇದನ್ನು ಕೊರತೆ ಎಂದು ದೂರುವವರಿದ್ದಾರೆ, ಆದರೆ ಇದು ಬೇಕೆಂದೇ ಇಟ್ಟ ಕಟ್ಟುಪಾಡು. ಹುಕ್ ಎಂದರೆ ನಿಮ್ಮ ಯಂತ್ರದಲ್ಲಿ, ನಿಮ್ಮ ಹೆಸರಿನಲ್ಲಿ ಓಡುವ ಪ್ರೋಗ್ರಾಂ. ಕ್ಲೋನ್ ಮಾಡಿದ ಕೂಡಲೇ ಅಪರಿಚಿತರೊಬ್ಬರ ಪ್ರೋಗ್ರಾಂ ಓಡುವಂತಿದ್ದರೆ ಯಾವ ರೆಪೊವನ್ನೂ ನಂಬಿ ಇಳಿಸಿಕೊಳ್ಳಲಾಗುತ್ತಿರಲಿಲ್ಲ. 2024ರ ಮೇ ತಿಂಗಳಲ್ಲಿ ಗಿಟ್ 2.45.1ರಲ್ಲಿ ಸರಿಪಡಿಸಿದ ಸಿವಿಇ-2024-32002 ಎಂಬ ಕ್ರಮಸಂಖ್ಯೆಯ ಭದ್ರತಾ ದೋಷ ಇದೇ ಬಗೆಯದು: ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲದ ಫೈಲ್ ವ್ಯವಸ್ಥೆಯಲ್ಲಿ ಸಬ್‌ಮಾಡ್ಯೂಲ್‌ಗಳ (ರೆಪೊದೊಳಗೆ ಸೇರಿಸಿದ ಬೇರೆ ರೆಪೊಗಳ) ಸಹಿತ ಕ್ಲೋನ್ ಮಾಡಿದಾಗ, ಸಿಮ್‌ಲಿಂಕ್‌ನ (ಬೇರೊಂದು ಫೈಲ್ ಅಥವಾ ಫೋಲ್ಡರಿನತ್ತ ತೋರಿಸುವ ಕೊಂಡಿಯ) ಕೈಚಳಕದಿಂದ ‘.ಗಿಟ್’ ಒಳಗೆ ಹುಕ್ ಬರೆದು ಆಗಲೇ ಓಡಿಸಬಹುದಾಗಿತ್ತು. ಆದ್ದರಿಂದ ಹಂಚುವ ಯಾವ ವಿಧಾನವನ್ನೇ ಆರಿಸಿಕೊಳ್ಳಿ, ಪ್ರತಿಯೊಬ್ಬರೂ ತಮ್ಮ ಯಂತ್ರದಲ್ಲಿ ಒಂದು ಬಾರಿ ತಾವಾಗಿ ಒಪ್ಪಿಗೆ ಕೊಡುವ ಹಂತ ಉಳಿದೇ ಉಳಿಯುತ್ತದೆ. ಆ ಒಪ್ಪಿಗೆಯನ್ನು ಒಂದೇ ಸಾಲಿಗೆ ಇಳಿಸಿ, ಅದರ ಮುಂದಿನದೆಲ್ಲ ತಾನಾಗಿ ನಡೆಯುವಂತೆ ಮಾಡುವುದಷ್ಟೇ ನಮ್ಮ ಕೆಲಸ.

ಮೊದಲ ಹೆಜ್ಜೆ: ರೆಪೊದೊಳಗೆ ಹುಕ್‌ಗಳ ಫೋಲ್ಡರ್

ರೆಪೊದ ಬೇರಿನಲ್ಲಿ (ಅತಿ ಮೇಲಿನ ಮಟ್ಟದಲ್ಲಿ) ‘.ಗಿಟ್‌ಹುಕ್ಸ್’ ಎಂಬ ಫೋಲ್ಡರ್ ಮಾಡಿ, ಅದರೊಳಗೆ ‘ಪ್ರೀ-ಕಮಿಟ್’, ‘ಕಮಿಟ್-ಎಂಎಸ್‌ಜಿ’, ‘ಪ್ರೀ-ಪುಶ್’ (ಪುಶ್‌ಗೆ ಮುನ್ನ ಓಡುವುದು) ಇತ್ಯಾದಿ ಫೈಲುಗಳನ್ನು ಇಡಿ. ಫೋಲ್ಡರಿನ ಹೆಸರು ನಿಮ್ಮಿಷ್ಟ, ಆದರೆ ಫೈಲುಗಳ ಹೆಸರು ಗಿಟ್ ಹೇಳಿದಂತೆಯೇ ಇರಬೇಕು, ಕೊನೆಗೆ ‘.ಎಸ್‌ಎಚ್’ ಸೇರಿಸಿದರೆ ಗಿಟ್ ಅದನ್ನು ಗುರುತಿಸುವುದಿಲ್ಲ.

ಇಲ್ಲಿ ಎರಡು ಕಡೆ ಎಡವುವುದಿದೆ. ಮೊದಲನೆಯದು ಓಡಿಸುವ ಅನುಮತಿ. ವಿಂಡೋಸ್‌ನಲ್ಲಿ ಹುಕ್ ಬರೆದು ಕಮಿಟ್ ಮಾಡಿದರೆ ಅದು ಸಾಮಾನ್ಯ ಫೈಲಾಗಿ ದಾಖಲಾಗುತ್ತದೆ, ಬರೆದವರ ಯಂತ್ರದಲ್ಲಿ ಸರಿಯಾಗಿ ಓಡುತ್ತದೆ, ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಮಾತ್ರ ಗಿಟ್ ಒಂದು ಸೂಚನೆಯ ಸಾಲನ್ನು ತೋರಿಸಿ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ‘ಗಿಟ್ ಎಲ್‌ಎಸ್-ಫೈಲ್ಸ್ -ಎಸ್ .ಗಿಟ್‌ಹುಕ್ಸ್’ ಎಂದು ಕೇಳಿ ನೋಡಿ. ಸಾಲಿನ ಮೊದಲಿಗೆ 100755 ಎಂದಿದ್ದರೆ ಸರಿ; 100644 ಎಂದಿದ್ದರೆ ‘ಗಿಟ್ ಅಪ್‌ಡೇಟ್-ಇಂಡೆಕ್ಸ್ --ಸಿಎಚ್‌ಮಾಡ್=+ಎಕ್ಸ್’ ಎಂದು ಬರೆದು ಫೈಲಿನ ಹೆಸರು ಕೊಟ್ಟು, ಮತ್ತೆ ಕಮಿಟ್ ಮಾಡಬೇಕು. ಎರಡನೆಯದು ಸಾಲಿನ ಅಂತ್ಯ. ವಿಂಡೋಸ್ ಶೈಲಿಯ ಸಾಲಿನ ಅಂತ್ಯ ಹುಕ್‌ನೊಳಗೆ ಸೇರಿಕೊಂಡರೆ ಮೊದಲ ಸಾಲಿನ ‘/ಬಿನ್/ಎಸ್‌ಎಚ್’ ಹಿಂದೆ ಕಣ್ಣಿಗೆ ಕಾಣದ ಅಕ್ಷರವೊಂದು ಅಂಟಿಕೊಂಡು, ಆ ಹೆಸರಿನ ಶೆಲ್ (ಆಜ್ಞೆಗಳನ್ನು ಓಡಿಸುವ ಪ್ರೋಗ್ರಾಂ) ಇಲ್ಲವೆಂದು ಲಿನಕ್ಸ್ ಹೇಳುತ್ತದೆ. ‘.ಗಿಟ್‌ಆ್ಯಟ್ರಿಬ್ಯೂಟ್ಸ್’ ಫೈಲಿನಲ್ಲಿ ‘.ಗಿಟ್‌ಹುಕ್ಸ್/** ಟೆಕ್ಸ್ಟ್ ಇಒಎಲ್=ಎಲ್‌ಎಫ್’ ಎಂಬ ಒಂದು ಸಾಲು ಸೇರಿಸಿದರೆ ಈ ತೊಂದರೆ ಮತ್ತೆ ಬರುವುದಿಲ್ಲ.

ಎರಡನೆಯ ಹೆಜ್ಜೆ: ಒಂದು ಸಾಲಿನ ಒಪ್ಪಿಗೆ

2016ರ ಜೂನ್‌ನಲ್ಲಿ ಬಂದ ಗಿಟ್ 2.9ರಿಂದ ‘ಕೋರ್.ಹುಕ್ಸ್‌ಪಾತ್’ ಎಂಬ ಸೆಟ್ಟಿಂಗ್ ಇದೆ. ಕ್ಲೋನ್ ಮಾಡಿದ ಪ್ರತಿಯೊಬ್ಬರೂ ರೆಪೊದೊಳಗೆ ನಿಂತು ‘ಗಿಟ್ ಕಾನ್ಫಿಗ್ ಕೋರ್.ಹುಕ್ಸ್‌ಪಾತ್ .ಗಿಟ್‌ಹುಕ್ಸ್’ ಎಂದು ಒಮ್ಮೆ ಕೊಟ್ಟರೆ ಸಾಕು, ಅಲ್ಲಿಂದ ಮುಂದೆ ಗಿಟ್ ಆ ಫೋಲ್ಡರಿನ ಹುಕ್‌ಗಳನ್ನೇ ಓಡಿಸುತ್ತದೆ. ಇದಕ್ಕೆ ಮೊದಲು ಜನ ‘.ಗಿಟ್/ಹುಕ್ಸ್’ ಒಳಗೆ ನಕಲು ಮಾಡುತ್ತಿದ್ದರು ಅಥವಾ ಸಿಮ್‌ಲಿಂಕ್ ಹಾಕುತ್ತಿದ್ದರು. ನಕಲಿನ ದಾರಿಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ನಕಲಾದ ಗಳಿಗೆಯಿಂದಲೇ ಅದು ಹಳತಾಗತೊಡಗುತ್ತದೆ, ನಮ್ಮ ಪಾಸ್‌ವರ್ಡ್ ಹೋದದ್ದು ಅದೇ ದಾರಿಯಲ್ಲಿ.

ಈ ಸಾಲನ್ನು ‘--ಗ್ಲೋಬಲ್’ ಸೇರಿಸಿ ಕೊಡಬೇಡಿ. ಹಾಗೆ ಕೊಟ್ಟರೆ ನಿಮ್ಮ ಯಂತ್ರದ ಪ್ರತಿಯೊಂದು ರೆಪೊದಲ್ಲೂ ಗಿಟ್ ‘.ಗಿಟ್‌ಹುಕ್ಸ್’ ಫೋಲ್ಡರನ್ನು ಹುಡುಕುತ್ತದೆ. ನಾಳೆ ನೀವು ಕ್ಲೋನ್ ಮಾಡುವ ಅಪರಿಚಿತ ರೆಪೊದಲ್ಲಿ ಅದೇ ಹೆಸರಿನ ಫೋಲ್ಡರ್ ಇದ್ದರೆ ಅದರೊಳಗಿನ ಪ್ರೋಗ್ರಾಂ ನಿಮ್ಮನ್ನು ಕೇಳದೆಯೇ ಓಡುತ್ತದೆ, ಗಿಟ್ ಕಟ್ಟಿಟ್ಟ ಕಟ್ಟುಪಾಡನ್ನು ನೀವೇ ಬಿಚ್ಚಿದಂತಾಗುತ್ತದೆ.

ಈ ಸೆಟ್ಟಿಂಗ್ ಕೊಟ್ಟ ಮೇಲೆ ಹಳೆಯ ‘.ಗಿಟ್/ಹುಕ್ಸ್’ ಫೋಲ್ಡರನ್ನು ಗಿಟ್ ನೋಡುವುದೇ ಇಲ್ಲ ಎಂಬುದನ್ನು ತಂಡಕ್ಕೆ ಮೊದಲೇ ತಿಳಿಸಬೇಕು. ಕೆಲವರು ಅಲ್ಲಿ ತಮ್ಮ ಸ್ವಂತ ಹುಕ್ ಇಟ್ಟುಕೊಂಡಿರುತ್ತಾರೆ. ಅದಕ್ಕಿಂತ ಗಂಭೀರವಾದದ್ದು ಗಿಟ್ ಎಲ್‌ಎಫ್‌ಎಸ್‌ನ ವಿಷಯ: ದೊಡ್ಡ ಫೈಲುಗಳನ್ನು ಸರ್ವರಿಗೆ ಸಾಗಿಸುವುದು ಅದರ ಪ್ರೀ-ಪುಶ್ ಹುಕ್, ಆ ಹುಕ್ ಇರುವುದು ಹಳೆಯ ಫೋಲ್ಡರಿನಲ್ಲಿ. ಅದು ನಿಂತುಹೋದರೆ ಪುಶ್ ಯಶಸ್ವಿಯಾದಂತೆ ಕಾಣಬಹುದು, ಫೈಲು ಮಾತ್ರ ಹೋಗಿರುವುದಿಲ್ಲ. ಹಾಗಾಗಿ ಎಲ್‌ಎಫ್‌ಎಸ್ ಬಳಸುವವರು ಅದರ ಸಾಲುಗಳನ್ನು ಹೊಸ ಫೋಲ್ಡರಿನ ಹುಕ್‌ಗಳಿಗೂ ಸೇರಿಸಬೇಕು. ಸ್ವಂತ ಹುಕ್‌ಗಳ ಮಟ್ಟಿಗೆ, ನಮ್ಮ ಪ್ರೀ-ಕಮಿಟ್ ತನ್ನ ಕೆಲಸ ಮುಗಿದ ಮೇಲೆ ಹಳೆಯ ಫೋಲ್ಡರಿನಲ್ಲಿ ಅದೇ ಹೆಸರಿನ ಫೈಲಿದ್ದರೆ ಅದನ್ನೂ ಓಡಿಸುತ್ತದೆ. ಆ ಫೋಲ್ಡರಿನ ವಿಳಾಸವನ್ನು ‘ಗಿಟ್ ರೆವ್-ಪಾರ್ಸ್ --ಗಿಟ್-ಕಾಮನ್-ಡಿರ್’ ಎಂಬುದರಿಂದ ಪಡೆದು ಹಿಂದೆ ‘/ಹುಕ್ಸ್’ ಸೇರಿಸಿ. ‘--ಗಿಟ್-ಪಾತ್ ಹುಕ್ಸ್’ ಎಂದು ಕೇಳಿದರೆ ಹೊಸ ಫೋಲ್ಡರಿನ ವಿಳಾಸವೇ ಸಿಗುತ್ತದೆ, ಆಗ ಹುಕ್ ತನ್ನನ್ನೇ ಮತ್ತೆಮತ್ತೆ ಕರೆದುಕೊಳ್ಳುತ್ತದೆ.

ಒಪ್ಪಿಗೆಯ ಸಾಲನ್ನು ನಾವು ‘ಸೆಟಪ್’ ಸ್ಕ್ರಿಪ್ಟಿನೊಳಗೆ ಇಟ್ಟಿದ್ದೇವೆ, ಹೊಸಬರು ಮೊದಲ ದಿನ ಹೇಗೂ ಅದನ್ನು ಓಡಿಸುತ್ತಾರೆ. ಮರೆತವರಿಗಾಗಿ ಪರೀಕ್ಷೆಗಳನ್ನು ಓಡಿಸುವ ಸ್ಕ್ರಿಪ್ಟ್ ‘ಗಿಟ್ ಕಾನ್ಫಿಗ್ --ಗೆಟ್ ಕೋರ್.ಹುಕ್ಸ್‌ಪಾತ್’ ಎಂದು ಕೇಳಿ, ಉತ್ತರ ಬಾರದಿದ್ದರೆ ಎಚ್ಚರಿಸುತ್ತದೆ. ಸೆಟಪ್ ಮುಗಿದ ಮೇಲೆ ಬೇಕೆಂದೇ ತಪ್ಪೊಂದನ್ನು ಮಾಡಿ ಕಮಿಟ್ ತಡೆಯಲ್ಪಡುವುದನ್ನು ಕಣ್ಣಾರೆ ನೋಡುವಂತೆ ಹೊಸಬರಿಗೆ ಹೇಳಿ. ಗಿಟ್ 2.36 ಅಥವಾ ಅದಕ್ಕಿಂತ ಹೊಸದು ಇದ್ದರೆ ಕಮಿಟ್ ಮಾಡದೆಯೇ ‘ಗಿಟ್ ಹುಕ್ ರನ್ ಪ್ರೀ-ಕಮಿಟ್’ ಎಂದು ಓಡಿಸಿ ನೋಡಬಹುದು.

ಮೂರನೆಯ ಹೆಜ್ಜೆ: ಎಲ್ಲರ ಯಂತ್ರದಲ್ಲೂ ಓಡುವ ಹುಕ್ ಬರೆಯುವುದು

ನನ್ನ ಯಂತ್ರದಲ್ಲಿ ಮಾತ್ರ ಓಡುವ ಹುಕ್‌ಗೂ ಏಳು ಯಂತ್ರಗಳಲ್ಲಿ ಓಡಬೇಕಾದ ಹುಕ್‌ಗೂ ಬಹಳ ಅಂತರವಿದೆ. ಬ್ಯಾಶ್‌ನ ವಿಶೇಷ ಸೌಲಭ್ಯಗಳನ್ನು ಬಿಟ್ಟು ಸಾದಾ ಶೆಲ್‌ನಲ್ಲಿ ಬರೆಯಿರಿ. ವಿಂಡೋಸ್‌ನ ಗಿಟ್ ತನ್ನ ಜೊತೆಗೇ ಶೆಲ್ ತರುತ್ತದೆ, ಮ್ಯಾಕ್‌ನ ಬ್ಯಾಶ್ ಇಂದಿಗೂ 3.2ರಲ್ಲೇ ನಿಂತಿದೆ, ಮ್ಯಾಕ್‌ನ ‘ಸೆಡ್’ (ಪಠ್ಯ ತಿದ್ದುವ ಆಜ್ಞೆ) ಮತ್ತು ಲಿನಕ್ಸ್‌ನ ‘ಸೆಡ್’ ಎಲ್ಲ ವಿಷಯಗಳಲ್ಲೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಟರ್ಮಿನಲ್‌ನಲ್ಲಿ ಸಿಗುವ ‘ನೋಡ್’ (ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ), ಐಕಾನ್ ಒತ್ತಿ ತೆರೆದ ಗಿಟ್ ಅಪ್ಲಿಕೇಶನ್‌ಗೆ ಸಿಗದೇ ಇರಬಹುದು. ಬೇಕಾದ ಸಾಧನ ಸಿಗದಿದ್ದರೆ ಏನು ಮಾಡಬೇಕೆಂಬುದನ್ನು ಹುಕ್‌ನೊಳಗೇ ಬರೆದಿಡಿ.

ಹುಕ್ ನೋಡಬೇಕಾದದ್ದು ಡಿಸ್ಕಿನ ಮೇಲಿರುವ ಫೈಲನ್ನಲ್ಲ, ಕಮಿಟ್‌ಗೆಂದು ‘ಸ್ಟೇಜ್’ ಮಾಡಿದ ಪ್ರತಿಯನ್ನು. ಪಾಸ್‌ವರ್ಡ್ ಇದ್ದ ಫೈಲನ್ನು ಸ್ಟೇಜ್ ಮಾಡಿ, ಆಮೇಲೆ ನೆನಪಾಗಿ ಫೈಲಿನಿಂದ ಅದನ್ನು ಅಳಿಸಿ, ಮತ್ತೆ ಸ್ಟೇಜ್ ಮಾಡಲು ಮರೆತರೆ ಡಿಸ್ಕಿನ ಫೈಲ್ ಶುದ್ಧವಾಗಿರುತ್ತದೆ, ಕಮಿಟ್‌ನೊಳಗೆ ಪಾಸ್‌ವರ್ಡ್ ಇರುತ್ತದೆ.

ಇನ್ನು ನಮ್ಮನ್ನು ನಿಜವಾಗಿ ಕೆಡಿಸಿದ ದೋಷಕ್ಕೆ ಬರುತ್ತೇನೆ, ಕನ್ನಡದಲ್ಲಿ ಫೈಲುಗಳಿಗೆ ಹೆಸರಿಡುವ ಎಲ್ಲರೂ ಇದನ್ನು ತಿಳಿದಿರಬೇಕು. ‘ಗಿಟ್ ಡಿಫ್ --ಕ್ಯಾಶ್ಡ್ --ನೇಮ್-ಓನ್ಲಿ’ ಎಂಬ ಆಜ್ಞೆ ಸ್ಟೇಜ್ ಆದ ಫೈಲುಗಳ ಹೆಸರು ಕೊಡುತ್ತದೆ. ಆದರೆ ‘ಹರಾಜು’ ಎಂದು ಶುರುವಾಗುವ ಹೆಸರನ್ನು ಅದು ಹಾಗೆಯೇ ಕೊಡುವುದಿಲ್ಲ. ಉದ್ಧರಣ ಚಿಹ್ನೆಯ ಒಳಗೆ ‘ಹ’ ಅಕ್ಷರದ ಜಾಗದಲ್ಲಿ \340\262\271 ಎಂದು ಬರೆಯುತ್ತದೆ. ನನ್ನ ಎರಡನೆಯ ಪ್ರತಿ ಆ ಅಂಕಿಗಳನ್ನೇ ಫೈಲಿನ ಹೆಸರೆಂದು ನಂಬಿ ತೆರೆಯಲು ಹೋಗುತ್ತಿತ್ತು, ಅಂಥ ಫೈಲ್ ಸಿಗದೆ, ಅದರಲ್ಲಿ ಪಾಸ್‌ವರ್ಡ್ ಇಲ್ಲವೆಂದು ತೀರ್ಮಾನಿಸುತ್ತಿತ್ತು. ಕನ್ನಡ ಹೆಸರಿನ ಒಂದು ಫೈಲನ್ನೂ ಅದು ಎಂದೂ ಪರೀಕ್ಷಿಸಿರಲಿಲ್ಲ. ಹೆಸರುಗಳೇ ಬೇಕಾದಲ್ಲಿ ‘-ಝಡ್’ ಸೇರಿಸಿದರೆ ಅವು ಇದ್ದಂತೆಯೇ ಬರುತ್ತವೆ. ನಾವು ಈಗ ಹೆಸರುಗಳ ಗೊಡವೆಗೇ ಹೋಗದೆ ‘ಗಿಟ್ ಡಿಫ್ --ಕ್ಯಾಶ್ಡ್ --ಯುನಿಫೈಡ್=0’ ಕೊಡುವ ಪಠ್ಯದಲ್ಲಿ ಕೂಡಿಸುವ ಚಿಹ್ನೆಯಿಂದ ಶುರುವಾಗುವ, ಅಂದರೆ ಹೊಸದಾಗಿ ಸೇರಿದ ಸಾಲುಗಳನ್ನಷ್ಟೇ ಶೋಧಿಸುತ್ತೇವೆ.

ಕಮಿಟ್ ಸಂದೇಶದ ಉದ್ದ ಅಳೆಯುವ ಹುಕ್‌ನಲ್ಲೂ ಇಂಥದೇ ಒಂದು ತೊಡಕಿದೆ. ‘ಉಡುಪಿ’ ಎಂಬುದು ನಮ್ಮ ಕಣ್ಣಿಗೆ ಮೂರು ಅಕ್ಷರ, ಯೂನಿಕೋಡ್‌ಗೆ 5 ಸಂಕೇತ, ಯುಟಿಎಫ್-8ರಲ್ಲಿ 15 ಬೈಟ್. ‘ಮಂಗಳೂರು’ ನಾಲ್ಕಕ್ಷರ, 7 ಸಂಕೇತ, 21 ಬೈಟ್. ಮೊದಲ ಸಾಲು 50ನ್ನು ಮೀರಬಾರದು ಎಂಬ ರೂಢಿಯ ನಿಯಮವನ್ನು ಬೈಟ್ ಎಣಿಸುವ ಆಜ್ಞೆಯಿಂದ ಜಾರಿ ಮಾಡಿದರೆ ಕನ್ನಡದಲ್ಲಿ ಸಂದೇಶ ಬರೆಯುವವರಿಗೆ ಎರಡು ಮೂರು ಪದಗಳಿಗಿಂತ ಹೆಚ್ಚು ಜಾಗ ಸಿಗುವುದಿಲ್ಲ. ‘ಡಬ್ಲ್ಯುಸಿ -ಎಂ’ ಸಂಕೇತಗಳನ್ನು ಎಣಿಸುತ್ತದೆ, ಆದರೆ ಯಂತ್ರದ ಭಾಷಾ ಸೆಟ್ಟಿಂಗ್ ಯುಟಿಎಫ್-8 ಆಗಿಲ್ಲದಿದ್ದರೆ ಅದೂ ಬೈಟ್‌ಗಳನ್ನೇ ಎಣಿಸುತ್ತದೆ. ನಾವು ಹೆಚ್ಚು ತಲೆಕೆಡಿಸಿಕೊಳ್ಳದೆ ಮಿತಿಯನ್ನೇ 200 ಬೈಟ್‌ಗೆ ಏರಿಸಿದೆವು.

ಮಳೆಗಾಲದ ಮಾತೊಂದನ್ನು ಇಲ್ಲೇ ಹೇಳಬೇಕು. ಆಷಾಢದ ಗಾಳಿಮಳೆಗೆ ಕರೆಂಟೂ ಇಂಟರ್‌ನೆಟ್ಟೂ ಹೋಗುವುದು ನಮಗೆ ಹೊಸದಲ್ಲ. ಮಣಿಪಾಲದವರು ಮಂಗಳೂರಿಗೆ ಬರುವ ಬಸ್ಸಿನಲ್ಲೂ ಕಮಿಟ್ ಮಾಡುತ್ತಾರೆ. ನೆಟ್ ಇಲ್ಲದಿದ್ದರೆ ಕಮಿಟ್ ಮಾಡಲು ಬಿಡದ ಹುಕ್ ನಮ್ಮಲ್ಲಿ ಒಂದು ವಾರವೂ ಬಾಳುವುದಿಲ್ಲ. ಪ್ರೀ-ಕಮಿಟ್ ನೆಟ್‌ನ ಹಂಗಿಲ್ಲದೆ ಎರಡು ಮೂರು ಸೆಕೆಂಡುಗಳಲ್ಲಿ ಮುಗಿಯಬೇಕು, ಹೊತ್ತು ಹಿಡಿಯುವ ಪರೀಕ್ಷೆಗಳು ಪ್ರೀ-ಪುಶ್‌ಗೆ ಅಥವಾ ಸರ್ವರಿಗೆ ಹೋಗಬೇಕು.

ನಾಲ್ಕನೆಯ ಹೆಜ್ಜೆ: ನವೀಕರಣ

ಹುಕ್ ರೆಪೊದೊಳಗೇ ಇರುವುದರಿಂದ ತಿದ್ದಿದ ಪ್ರತಿ ‘ಪುಲ್’ ಮಾಡಿದ ಕ್ಷಣದಿಂದಲೇ ಜಾರಿಗೆ ಬರುತ್ತದೆ. ಕೇಳಲು ಸರಳವಾದ ಈ ಮಾತಿಗೆ ಮೂರು ತೊಡಕುಗಳಿವೆ.

ಮೊದಲನೆಯದು ಹಳೆಯ ಬ್ರಾಂಚ್‌ಗಳು, ಅಂದರೆ ಕೋಡಿನ ಬೇರೆಬೇರೆ ಕವಲುಗಳು. ಹುಕ್ ಫೋಲ್ಡರ್ ಹುಟ್ಟುವ ಮೊದಲೇ ಕವಲೊಡೆದ ಬ್ರಾಂಚಿಗೆ ಹೋದರೆ ಅಲ್ಲಿ ‘.ಗಿಟ್‌ಹುಕ್ಸ್’ ಇರುವುದಿಲ್ಲ, ಗಿಟ್ ಅದನ್ನು ದೋಷವೆಂದು ಹೇಳುವುದೂ ಇಲ್ಲ, ಹುಕ್ ಇಲ್ಲದೆ ಕಮಿಟ್ ಆಗುತ್ತದೆ. ಬಹುಕಾಲ ಉಳಿಯುವ ಬ್ರಾಂಚ್‌ಗಳಿಗೆಲ್ಲ ಹುಕ್‌ನ ಕಮಿಟ್‌ಗಳನ್ನು ‘ಚೆರ್ರಿ-ಪಿಕ್’ ಮಾಡಿ (ಅವನ್ನಷ್ಟೇ ಆರಿಸಿ) ಸೇರಿಸಲೇಬೇಕು.

ಎರಡನೆಯದು ಭದ್ರತೆ. ಬ್ರಾಂಚ್ ಬದಲಾದೊಡನೆ ಹುಕ್ ಕೂಡ ಬದಲಾಗುತ್ತದೆ, ‘ಪೋಸ್ಟ್-ಚೆಕೌಟ್’ ಎಂಬ ಹುಕ್ ಬ್ರಾಂಚ್ ಬದಲಿಸಿದ ಕೂಡಲೇ ಓಡುತ್ತದೆ. ಎಂದರೆ ಹೊರಗಿನವರೊಬ್ಬರ ಬ್ರಾಂಚನ್ನು ವಿಮರ್ಶೆಗೆಂದು ತೆರೆದ ಮಾತ್ರಕ್ಕೆ ಅವರು ಬರೆದ ಪ್ರೋಗ್ರಾಂ ನಿಮ್ಮ ಯಂತ್ರದಲ್ಲಿ ಓಡಿಬಿಡಬಹುದು. ಅಂಥ ಬ್ರಾಂಚಿನಲ್ಲಿ ಹುಕ್ ಫೋಲ್ಡರ್ ಬದಲಾಗಿದೆಯೇ ಎಂಬುದನ್ನು ಮೊದಲು ಡಿಫ್‌ನಲ್ಲಿ (ಬದಲಾದ ಸಾಲುಗಳ ಪಟ್ಟಿಯಲ್ಲಿ) ಓದಿ. ಸಂಶಯವಿದ್ದರೆ ‘ಗಿಟ್ -ಸಿ ಕೋರ್.ಹುಕ್ಸ್‌ಪಾತ್=/ಡೆವ್/ನಲ್ ಚೆಕೌಟ್’ ಎಂದು ಹುಕ್‌ಗಳನ್ನು ಮುಚ್ಚಿ ತೆರೆಯಿರಿ. ನಮ್ಮಲ್ಲಿ ಹುಕ್ ಫೋಲ್ಡರಿನ ಯಾವುದೇ ಬದಲಾವಣೆಗೆ ಇಬ್ಬರ ಒಪ್ಪಿಗೆ ಕಡ್ಡಾಯ.

ಮೂರನೆಯದು ಮನುಷ್ಯರದ್ದು. ಹಿಂದಿನ ರಾತ್ರಿಯವರೆಗೆ ಆಗುತ್ತಿದ್ದ ಕಮಿಟ್ ಬೆಳಿಗ್ಗೆ ಏಕಾಏಕಿ ತಡೆಯಲ್ಪಟ್ಟರೆ, ಅದೂ ಗ್ರಾಹಕರು ಫೋನಿನಲ್ಲಿ ಕಾಯುತ್ತಿರುವಾಗ, ಯಾರಿಗಾದರೂ ಸಿಟ್ಟು ಬರುತ್ತದೆ, ಆ ಸಿಟ್ಟಿನಲ್ಲಿ ಹುಕ್ ತಪ್ಪಿಸುವುದು ಅಭ್ಯಾಸವಾಗುತ್ತದೆ. ಹೊಸ ನಿಯಮವನ್ನು ಎರಡು ವಾರ ಬರಿಯ ಎಚ್ಚರಿಕೆಯಾಗಿ ಇಡಿ, ಆಮೇಲೆ ತಡೆಯಾಗಿ ಬದಲಿಸಿ. ಸಂದೇಶ ಏನು ತಪ್ಪಾಯಿತು, ಏನು ಮಾಡಬೇಕು ಎರಡನ್ನೂ ಹೇಳಬೇಕು. ನಮ್ಮದು ಹೀಗಿದೆ: “ತಡೆ: ಸೇರಿಸಿದ ಸಾಲೊಂದರಲ್ಲಿ ಪಾಸ್‌ವರ್ಡ್‌ನಂತೆ ಕಾಣುವುದಿದೆ. ಅದನ್ನು ಎನ್ವಿರಾನ್‌ಮೆಂಟ್ ಫೈಲಿಗೆ ಸರಿಸಿ, ಮತ್ತೆ ಸ್ಟೇಜ್ ಮಾಡಿ. ಇದು ಪಾಸ್‌ವರ್ಡ್ ಅಲ್ಲವಾದರೆ ವಿನಾಯಿತಿ ಪಟ್ಟಿಗೆ ಆ ಸಾಲನ್ನು ಸೇರಿಸಿ ವಿಮರ್ಶೆಗೆ ಕಳುಹಿಸಿ.”

ಮರ್ಜ್ (ಬದಲಾವಣೆಗಳ ಸೇರ್ಪಡೆ) ಆದ ಮೇಲೆ ಓಡುವ ‘ಪೋಸ್ಟ್-ಮರ್ಜ್’ ಹುಕ್‌ನಲ್ಲಿ ‘ಒರಿಜ್_ಹೆಡ್’ (ಮರ್ಜ್‌ಗೆ ಮುಂಚಿನ ಸ್ಥಿತಿ) ಮತ್ತು ‘ಹೆಡ್’ (ಈಗಿನ ಸ್ಥಿತಿ) ನಡುವೆ ಹುಕ್ ಫೋಲ್ಡರ್ ಬದಲಾಗಿದೆಯೇ ನೋಡಿ, ಬದಲಾಗಿದ್ದರೆ ಒಂದು ಸಾಲು ತಿಳಿಸಬಹುದು. ರೀಬೇಸ್ ಮೂಲಕ (ತಮ್ಮ ಕಮಿಟ್‌ಗಳನ್ನು ಹೊಸದರ ಮೇಲೆ ಮರುಜೋಡಿಸಿ) ಪುಲ್ ಮಾಡುವವರಿಗೆ ಈ ಹುಕ್ ಓಡದೇ ಇರಬಹುದು, ಆದ್ದರಿಂದ ಮುಖ್ಯವಾದ ಬದಲಾವಣೆಯನ್ನು ಬಾಯಲ್ಲೂ ಹೇಳಿ.

ಹಲವು ರೆಪೊಗಳಿದ್ದರೆ, ಸಿದ್ಧ ಸಾಧನ ಬೇಕಿದ್ದರೆ

ಹತ್ತಾರು ರೆಪೊಗಳಿಗೆ ಒಂದೇ ಹುಕ್ ಬೇಕಾದಾಗ ಹುಕ್‌ಗಳಿಗೇ ಬೇರೆ ರೆಪೊ ಮಾಡಿ, ಪ್ರತಿ ಆವೃತ್ತಿಗೆ ಟ್ಯಾಗ್ ಹಾಕಿ, ಯಾವ ಟ್ಯಾಗ್ ಬೇಕೆಂಬುದನ್ನು ಆಯಾ ಯೋಜನೆಯ ರೆಪೊದಲ್ಲಿ ಬರೆದಿಟ್ಟು, ಸೆಟಪ್ ಸ್ಕ್ರಿಪ್ಟ್ ಅದನ್ನು ಇಳಿಸುವಂತೆ ಮಾಡುವುದು ಒಳ್ಳೆಯದು. ಸಬ್‌ಮಾಡ್ಯೂಲ್ ನನಗೆ ಒಪ್ಪಿಗೆಯಿಲ್ಲ. ಅದನ್ನು ಇಳಿಸಲು ಮರೆತರೆ ಫೋಲ್ಡರ್ ಖಾಲಿ ಉಳಿದು ಹುಕ್ ಸದ್ದಿಲ್ಲದೆ ಇಲ್ಲವಾಗುತ್ತದೆ.

ಸಿದ್ಧ ಸಾಧನಗಳಲ್ಲಿ ಪೈಥಾನ್‌ನ ‘ಪ್ರೀ-ಕಮಿಟ್’ ಚೌಕಟ್ಟು ಪ್ರತಿಯೊಂದು ಹುಕ್‌ನ ಆವೃತ್ತಿಯನ್ನು ವೈಎಎಂಎಲ್ ಎಂಬ ಬಗೆಯ ಸೆಟ್ಟಿಂಗ್ ಫೈಲಿನಲ್ಲಿ ಬರೆದಿಡುತ್ತದೆ, ‘ಪ್ರೀ-ಕಮಿಟ್ ಆಟೋಅಪ್‌ಡೇಟ್’ ಎಂದರೆ ಅವುಗಳನ್ನು ಮುಂದಕ್ಕೆ ಸರಿಸುತ್ತದೆ. ಕೋರ್.ಹುಕ್ಸ್‌ಪಾತ್ ಮೊದಲೇ ಕೊಟ್ಟಿದ್ದರೆ ಅದು ಸ್ಥಾಪನೆಯಾಗಲು ನಿರಾಕರಿಸುತ್ತದೆ, ಹಾಗಾಗಿ ಎರಡರಲ್ಲಿ ಒಂದನ್ನೇ ಆರಿಸಿ. ಜಾವಾಸ್ಕ್ರಿಪ್ಟ್ ಯೋಜನೆಗಳಲ್ಲಿ ‘ಹಸ್ಕಿ’ 5ನೆಯ ಆವೃತ್ತಿಯಿಂದ ಇದೇ ಸೆಟ್ಟಿಂಗನ್ನು ಬಳಸುತ್ತದೆ, ‘ಎನ್‌ಪಿಎಂ ಇನ್‌ಸ್ಟಾಲ್’ ಮಾಡಿದಾಗ ‘ಪ್ರಿಪೇರ್’ ಸ್ಕ್ರಿಪ್ಟ್ ಮೂಲಕ ಒಪ್ಪಿಗೆಯ ಹಂತವೂ ಮುಗಿಯುತ್ತದೆ. ಗೋ ಭಾಷೆಯಲ್ಲಿ ಬರೆದ ‘ಲೆಫ್ಟ್‌ಹುಕ್’ ಕೂಡ ಇದೆ. ಏಳು ಜನರಿಗೆ ಸಾದಾ ಫೋಲ್ಡರ್ ಸಾಲುತ್ತದೆ ಎಂಬುದು ನನ್ನ ಅನುಭವ.

ಕೊನೆಯ ಹೆಜ್ಜೆ: ಸರ್ವರ್‌ನಲ್ಲಿ ಅದೇ ಪರೀಕ್ಷೆ

‘--ನೋ-ವೆರಿಫೈ’ ಎಂದು ಸೇರಿಸಿದರೆ ಪ್ರೀ-ಕಮಿಟ್, ಕಮಿಟ್-ಎಂಎಸ್‌ಜಿ, ಪ್ರೀ-ಪುಶ್ ಮೂರನ್ನೂ ಯಾರು ಬೇಕಾದರೂ ದಾಟಬಹುದು. ಆದ್ದರಿಂದ ಖಂಡಿತ ತಡೆಯಬೇಕಾದದ್ದನ್ನು ಸರ್ವರ್‌ನಲ್ಲೇ ತಡೆಯಬೇಕು. ನಿಮ್ಮದೇ ಸರ್ವರ್‌ನಲ್ಲಿ ಗಿಟ್‌ಲ್ಯಾಬ್ ಅಥವಾ ಗಿಟ್‌ಹಬ್ ಎಂಟರ್‌ಪ್ರೈಸ್ ಸರ್ವರ್ ಇದ್ದರೆ ಪುಶ್ ಸ್ವೀಕರಿಸುವ ಮುನ್ನ ಸರ್ವರ್ ಓಡಿಸುವ ‘ಪ್ರೀ-ರಿಸೀವ್’ ಹುಕ್ ಹಾಕಬಹುದು. ಗಿಟ್‌ಹಬ್‌ನ ಸಾರ್ವಜನಿಕ ಸೇವೆಯಲ್ಲಿ ನಿಮ್ಮ ಸ್ವಂತ ಪ್ರೀ-ರಿಸೀವ್ ಹುಕ್‌ಗೆ ಅವಕಾಶವಿಲ್ಲ; ಅಲ್ಲಿ ಸಿಐ (ಪುಶ್ ಆದ ಕೋಡನ್ನು ಸರ್ವರ್‌ನಲ್ಲಿ ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಪರೀಕ್ಷೆ ಪಾಸಾಗದೆ ಮರ್ಜ್ ಆಗಬಾರದೆಂದು ಬ್ರಾಂಚಿಗೆ ಕಾವಲು ಹಾಕಬೇಕು.

ಎರಡು ಕಡೆ ಎರಡು ಸ್ಕ್ರಿಪ್ಟ್ ಬರೆದರೆ ಮತ್ತೆ ಎರಡು ಪ್ರತಿಗಳ ಕಥೆಯೇ ಆಗುತ್ತದೆ. ಅದಕ್ಕಾಗಿ ನಮ್ಮ ಶೋಧದ ಸ್ಕ್ರಿಪ್ಟ್ ಹುಕ್‌ನೊಳಗಿಲ್ಲ. ಪ್ರತ್ಯೇಕ ಫೈಲಿನಲ್ಲಿದ್ದು, ತನಗೆ ಪೈಪ್ ಮೂಲಕ ಬಂದ ಡಿಫ್ ಪಠ್ಯವನ್ನಷ್ಟೇ ಓದುತ್ತದೆ. ಪ್ರೀ-ಕಮಿಟ್ ಹುಕ್ ಅದಕ್ಕೆ ಸ್ಟೇಜ್ ಆದ ಡಿಫ್ ಕೊಡುತ್ತದೆ, ಸಿಐ ಮುಖ್ಯ ಬ್ರಾಂಚಿಗೂ ಬಂದ ಬ್ರಾಂಚಿಗೂ ನಡುವಿನ ಡಿಫ್ ಕೊಡುತ್ತದೆ. ಇದರಿಂದ ಹುಕ್ ಫೈಲ್ ನಾಲ್ಕೈದು ಸಾಲಿಗೆ ಇಳಿದಿದೆ. ಆದರೆ ಎರಡು ಬ್ರಾಂಚ್‌ಗಳ ತುದಿಗಳ ನಡುವಿನ ಡಿಫ್, ಮಧ್ಯದ ಕಮಿಟ್ ಒಂದರಲ್ಲಿ ಬಂದು ಮುಂದಿನದರಲ್ಲಿ ಅಳಿಸಿಹೋದ ಪಾಸ್‌ವರ್ಡನ್ನು ತೋರಿಸುವುದಿಲ್ಲ. ‘ಗಿಟ್ ಲಾಗ್ -ಪಿ’ ಕೊಡುವ ಪ್ರತಿ ಕಮಿಟ್‌ನ ಡಿಫ್ ಅನ್ನು ಕಳುಹಿಸಿದರೆ ಅದೂ ಸಿಗುತ್ತದೆ. ಸಿಐನಲ್ಲಿ ಇತಿಹಾಸದ ತುದಿಯಷ್ಟನ್ನೇ ಇಳಿಸುವ ಏರ್ಪಾಡು ಇದ್ದರೆ ಈ ಹೋಲಿಕೆಗೆ ಬೇಕಾದಷ್ಟು ಕಮಿಟ್‌ಗಳನ್ನು ಇಳಿಸಲು ಹೇಳಬೇಕು.

ಸಿಐ ಹಿಡಿಯುವ ಹೊತ್ತಿಗೆ ಪಾಸ್‌ವರ್ಡ್ ಯಂತ್ರದಿಂದ ಹೊರಟಾಗಿರುತ್ತದೆ. ಆಗ ಇತಿಹಾಸ ತಿದ್ದಲು ಕೂರಬೇಡಿ. ಮೊದಲು ಡೇಟಾಬೇಸ್‌ನಲ್ಲಿ ಪಾಸ್‌ವರ್ಡನ್ನೇ ಬದಲಿಸಿ, ಹಳೆಯದು ಕೆಲಸ ಮಾಡುವುದಿಲ್ಲವೆಂದು ಒಮ್ಮೆ ಬಳಸಿ ನೋಡಿ ಖಚಿತಪಡಿಸಿಕೊಂಡು, ಆಮೇಲೆ ಬ್ರಾಂಚನ್ನು ಶುದ್ಧ ಮಾಡಿ. ನಂತರ ಆ ಕಮಿಟ್ ಮಾಡಿದ ಯಂತ್ರದಲ್ಲಿ ‘ಗಿಟ್ ಕಾನ್ಫಿಗ್ --ಗೆಟ್ ಕೋರ್.ಹುಕ್ಸ್‌ಪಾತ್’ ಏನು ಹೇಳುತ್ತದೆ, ಆ ಬ್ರಾಂಚಿನಲ್ಲಿ ಹುಕ್ ಫೋಲ್ಡರ್ ಇತ್ತೇ ಎಂಬ ಎರಡನ್ನು ನೋಡಿ.